ದೆವ್ವದ ಹೋಟೆಲೂ ಉಗಿಯ ಒತ್ತಡವೂ

ಅಮೆರಿಕದ ಕಾದಂಬರಿಕಾರ ಸ್ಟೀಫನ್ ಕಿಂಗ್ 1977ರಲ್ಲಿ ಪ್ರಕಟಿಸಿದ ‘ದಿ ಶೈನಿಂಗ್’ ಕೃತಿಯಲ್ಲಿ, ಕೊಲೊರಾಡೋ ಪರ್ವತಗಳ ನಡುವಣ ಹೋಟೆಲೊಂದನ್ನು ಚಳಿಗಾಲದಲ್ಲಿ ಕಾಯಲೆಂದು ಜ್ಯಾಕ್ ಟೊರೆನ್ಸ್ ಹೆಂಡತಿ ಮಗನೊಡನೆ ಬರುತ್ತಾನೆ. ಹಿಮವು ದಾರಿಗಳನ್ನು ಮುಚ್ಚುತ್ತದೆ, ದೆವ್ವಗಳು ಎಚ್ಚರಗೊಳ್ಳುತ್ತವೆ. ಆದರೆ ಕೊನೆಗೆ ಹೋಟೆಲನ್ನು ನಾಶಮಾಡುವುದು ನೆಲಮಾಳಿಗೆಯ ಹಳೆಯ ಬಾಯ್ಲರು.

ಬಾಯ್ಲರು ಸಿಡಿಯುವುದೇಕೆ? ತೆರೆದ ಪಾತ್ರೆಯ ನೀರು ಸುಮಾರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವುದೆಂದು ನಾವು ಬಲ್ಲೆವು. ಮುಚ್ಚಿದ ಪಾತ್ರೆಯಲ್ಲಾದರೋ ಉಗಿಯ ಒತ್ತಡ ಏರಿದಂತೆಲ್ಲ ಕುದಿಯುವ ಬಿಂದುವೂ ಏರುತ್ತದೆ. ನೀರು ನೂರು ಡಿಗ್ರಿಯನ್ನು ಮೀರಿ ಕಾದರೂ ನೀರಾಗಿಯೇ ಉಳಿಯುತ್ತದೆ. ಲೋಹವು ಬಿರಿದು ಒತ್ತಡ ತಟ್ಟನೆ ಇಳಿದೊಡನೆ, ಆ ನೀರಿನ ಒಂದು ಭಾಗ ಕ್ಷಣಾರ್ಧದಲ್ಲಿ ಉಗಿಯಾಗಿ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಕಟ್ಟಡವನ್ನು ಕಿತ್ತೆಸೆಯುವ ಬಲ ಇದೇ.

ಕಥೆಯ ಬಾಯ್ಲರಿನಲ್ಲಿ ಒತ್ತಡವು ತಾನಾಗಿ ಇಳಿಯುವ ಏರ್ಪಾಡಿಲ್ಲ. ಕಾವಲುಗಾರನೇ ದಿನವೂ ನೆನಪಿಟ್ಟು ಇಳಿಸಬೇಕು. ಬುದ್ಧಿ ಕದಡಿದ ಜ್ಯಾಕ್ ಅದನ್ನು ಮರೆಯುತ್ತಾನೆ. ಇಂತಹ ಮರೆವಿಗೆ ಪರಿಹಾರವಾದ ಸುರಕ್ಷಾ ಕವಾಟವನ್ನು ಫ್ರಾನ್ಸಿನ ಡೆನಿಸ್ ಪಪಿನ್ 17ನೆಯ ಶತಮಾನದಲ್ಲಿಯೇ ತನ್ನ ಉಗಿಪಾತ್ರೆಗೆ ಅಳವಡಿಸಿದ್ದನು. ನಮ್ಮ ಪ್ರೆಷರ್ ಕುಕ್ಕರಿನ ಮೇಲಿನ ತೂಕದ ಹಿಂದಿರುವುದೂ ಅದೇ ತತ್ತ್ವ. ಉಗಿ ಹೊರಡುವ ಅದರ ರಂಧ್ರವು ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಹೊಣೆ.