ಬೆಣ್ಣೆ ಕಾಣೆಯಾದ ಆರು ದಿನ

ನಮ್ಮ ಮನೆಯ ಬೆಕ್ಕಿನ ಹೆಸರು ಬೆಣ್ಣೆ. ಹೆಸರಿಟ್ಟವಳು ಐದನೇ ಕ್ಲಾಸಿನಲ್ಲಿ ಓದುವ ನನ್ನ ಮೊಮ್ಮಗಳು. ಮೈಯೆಲ್ಲ ಹಳದಿ ಬೆರೆತ ಬಿಳುಪು, ಬಾಲದ ತುದಿಗೆ ಮಾತ್ರ ಒಂದು ಕಂದು ಉಂಗುರ. ಎರಡು ವರ್ಷದ ಹಿಂದೆ ಒಂದು ಮಳೆ ಸಂಜೆ ಅವಳ ಸ್ಕೂಲ್ ಬ್ಯಾಗಿನೊಳಗೆ ಕೂತು ನಮ್ಮ ಮನೆಗೆ ಬಂತು. ನನಗೂ ಅದಕ್ಕೂ ಮೊದಲಿನಿಂದ ಅಷ್ಟಕ್ಕಷ್ಟೆ. ಕಾರಣ ನನ್ನ ಬೆತ್ತದ ಆರಾಮಕುರ್ಚಿ. ಅದರ ಎಡಗೈ ಮೇಲೆ ದಿನಾ ಉಗುರು ಮಸೆದು ನಾರು ನಾರು ಮಾಡಿಟ್ಟಿತ್ತು. ಪರಪರ ಸದ್ದು ಕೇಳಿದಾಗಲೆಲ್ಲ ನಾನು ಪೇಪರಿನಿಂದ ತಲೆಯೆತ್ತಿ, "ಒಂದು ದಿನ ನಿನ್ನನ್ನ ಗೋಣಿಚೀಲಕ್ಕೆ ತುಂಬಿ ಹೊಳೆಯಾಚೆ ಬಿಟ್ಟು ಬರ್ತೀನಿ ನೋಡು" ಎನ್ನುತ್ತಿದ್ದೆ. ಬೆಕ್ಕು ಆಕಳಿಸುತ್ತಿತ್ತು. ಮೊಮ್ಮಗಳು ಮಾತ್ರ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

ನರಕ ಚತುರ್ದಶಿಯ ರಾತ್ರಿ. ನಮ್ಮದು ಮೈಸೂರಿನ ಒಂಟಿಕೊಪ್ಪಲಿನ ಹಳೆಯ ಬೀದಿ, ಮನೆಗಳು ಭುಜಕ್ಕೆ ಭುಜ ಕೊಟ್ಟು ನಿಂತಿವೆ. ಯಾರೋ ಉದ್ದದ ಸರಪಟಾಕಿ ಹಚ್ಚಿದರು. ನಮ್ಮ ಕಿವಿಗೇ ಅದು ಜಾಸ್ತಿ. ಬೆಕ್ಕಿನ ಪಾಡು ಏನು? ಮನುಷ್ಯರ ಕಿವಿ ಸೆಕೆಂಡಿಗೆ ಹೆಚ್ಚೆಂದರೆ 20,000 ಕಂಪನಗಳ ಸದ್ದನ್ನು ಹಿಡಿದರೆ ಬೆಕ್ಕಿನದು 60,000 ದಾಟಿದ್ದನ್ನೂ ಹಿಡಿಯುತ್ತದೆ. ಇಲಿಮರಿಯ ಕೀಚಲು ನಮಗೆ ಕೇಳದಿದ್ದರೂ ಅದಕ್ಕೆ ಕೇಳುವುದು ಹೀಗೆ. ಸಂಪಿನ ಮೋಟಾರು ಹಾಕಲು ಹೋಗಿ ಹಿತ್ತಲ ಬಾಗಿಲು ತೆರೆದಿಟ್ಟವನು ನಾನೇ. ಬೆಳಿಗ್ಗೆ ಹಾಲಿನ ಬಟ್ಟಲು ಇಟ್ಟ ಹಾಗೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಮೊಮ್ಮಗಳು ನನ್ನ ಕುರ್ಚಿಯ ಮುಂದೆ ಬಂದು ನಿಂತಳು. ಅಳುತ್ತಿರಲಿಲ್ಲ. "ತಾತ, ನಿಜ ಹೇಳು. ನೀನೇ ಬಿಟ್ಟು ಬಂದೆಯಾ?"

ಇಲ್ಲ ಕಂದ ಅಂದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಒಳಗೆ ಹೋದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡೆ.

ಮೊದಲ ದಿನ ನಾವು ಮಾಡಿದ್ದೆಲ್ಲ ತಪ್ಪೇ. ಬೀದಿಯುದ್ದಕ್ಕೂ "ಬೆಣ್ಣೆ! ಬೆಣ್ಣೇ!" ಎಂದು ಕೂಗುತ್ತಾ ನಡೆದೆವು. ಎರಡನೇ ಅಡ್ಡರಸ್ತೆಯ ಅಜ್ಜಿಯೊಬ್ಬರು ಸ್ಟೀಲ್ ಡಬ್ಬಿ ಹಿಡಿದು ಗೇಟಿಗೆ ಬಂದು, "ಕಾಲು ಕೆಜಿ ಎಷ್ಟಪ್ಪಾ? ಊರ ಬೆಣ್ಣೆ ತಾನೆ?" ಅಂದರು. ಮೊಮ್ಮಗಳಿಗೆ ಆ ದಿನ ಬಂದ ನಗು ಅದೊಂದೇ. ಅಜ್ಜಿಗೆ ವಿಷಯ ಹೇಳಿದ ಮೇಲೆ ಡಬ್ಬಿ ಅಲ್ಲೇ ಇಟ್ಟು ಅವರೂ ನಮ್ಮ ಜೊತೆ ನಾಲ್ಕು ಮನೆ ನಡೆದರು.

ಸಂಜೆ ಪಶುವೈದ್ಯರ ಹತ್ತಿರ ಹೋದಾಗ ಅವರು ಮೊದಲು ಹೇಳಿದ್ದೇ, "ಕೂಗಬೇಡಿ." ಹೆದರಿದ ನಾಯಿ ದಿಕ್ಕುಗೆಟ್ಟು ದೂರ ಓಡುತ್ತದಂತೆ, ಹೆದರಿದ ಬೆಕ್ಕು ಕೈಗೆ ಸಿಕ್ಕ ಮೊದಲ ಸಂದಿಗೆ ನುಗ್ಗಿ ಉಸಿರು ಬಿಗಿಹಿಡಿದು ಕೂರುತ್ತದೆ. ಸಾಕಿದವರೇ ಎರಡು ಮಾರು ದೂರದಲ್ಲಿ ನಿಂತು ಕರೆದರೂ ಓಗೊಡುವುದಿಲ್ಲ. ಸದ್ದು ಮಾಡಿದರೆ ಶತ್ರುವಿಗೆ ಜಾಗ ಗೊತ್ತಾಗುತ್ತದೆ ಎನ್ನುವುದು ಅದರ ರಕ್ತದಲ್ಲಿ ಬಂದ ಬುದ್ಧಿ. ಬೆಕ್ಕು ಕಳೆದುಕೊಂಡ ಸಾವಿರಕ್ಕೂ ಹೆಚ್ಚು ಮನೆಯವರನ್ನು ವಿಚಾರಿಸಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನೂ ಅವರು ಮೊಬೈಲಿನಲ್ಲಿ ತೋರಿಸಿದರು. ಸಿಕ್ಕ ಬೆಕ್ಕುಗಳಲ್ಲಿ ನಾಲ್ಕರಲ್ಲಿ ಮೂರು ಸಿಕ್ಕಿದ್ದು ತಪ್ಪಿಸಿಕೊಂಡ ಜಾಗದಿಂದ 500 ಮೀಟರಿನ ಒಳಗೆ. ಕಳೆದುಹೋದವುಗಳಲ್ಲಿ ಮೂರನೇ ಒಂದು ಭಾಗ ಮೊದಲ 7 ದಿನಗಳಲ್ಲೇ ಜೀವಂತ ಸಿಕ್ಕಿದ್ದವು. ತಾನಾಗಿ ಬರಲಿ ಎಂದು ಕಾಯದೆ ಕಾಲಿಟ್ಟು ಹುಡುಕಿದವರಿಗೆ ಹೆಚ್ಚು ಸಿಕ್ಕಿವೆ.

"ಏಳು ದಿನ" ಎಂಬುದನ್ನು ಮೊಮ್ಮಗಳು ಗಟ್ಟಿಯಾಗಿ ಹಿಡಿದುಕೊಂಡಳು. ಮನೆಗೆ ಬಂದವಳೇ ಡ್ರಾಯಿಂಗ್ ಹಾಳೆಯ ನಡುವೆ ನಮ್ಮ ಮನೆ ಬರೆದು ಸುತ್ತಲಿನ ಬೀದಿ, ಮನೆ, ಮೋರಿ, ತೆಂಗಿನ ಮರ ಎಲ್ಲವನ್ನೂ ಗುರುತು ಮಾಡಿದಳು. ನೋಡಿಯಾದ ಮನೆಗೆ ಕೆಂಪು ಪೆನ್ಸಿಲಿನಲ್ಲಿ ಟಿಕ್.

ಬೀದಿಯನ್ನು ನಿಜವಾಗಿ ಬಲ್ಲವರು ಯಾರು ಎಂದು ನನಗೆ ತಿಳಿದದ್ದು ಆ ದಿನಗಳಲ್ಲಿ. ಮೂವತ್ತು ವರ್ಷದಿಂದ ಅಲ್ಲೇ ಇರುವ ನಾನಂತೂ ಅಲ್ಲ. ಬೆಳಗಿನ ಐದಕ್ಕೆ ಹಾಲಿನ ಕ್ರೇಟು ಇಳಿಸುವವರು, ಪೇಪರ್ ಹಾಕುವ ಹುಡುಗ, ಕಸ ಗುಡಿಸುವ ಪೌರಕಾರ್ಮಿಕ ಅಕ್ಕ. ಯಾವ ಮನೆಯ ಮಾಡಿನ ಮೇಲೆ ಯಾವ ಬೆಕ್ಕು ಮಲಗುತ್ತದೆ, ಯಾವ ಕಾರಿನ ಕೆಳಗೆ ಮರಿ ಹಾಕಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಆ ಅಕ್ಕ ಪಟ್ಟಿಯನ್ನೇ ಒಪ್ಪಿಸಿದರು: ಕರಿದು ಎರಡು, ಬೂದು ಒಂದು, ಕಿವಿ ಹರಿದ ಗಂಡು ಒಂದು. "ನಿಮ್ಮದು ನಾನು ಕಂಡಿಲ್ಲ ಸಾರ್. ಕಂಡಿಲ್ಲ ಅಂದ್ರೆ ಹೊರಗಡೆ ಇಲ್ಲ ಅಂತ. ಯಾವುದರದೋ ಒಳಗಡೆ ಇದೆ." ಆ ಮಾತಿನ ಬೆಲೆ ಆಗ ನನಗೆ ತಿಳಿಯಲಿಲ್ಲ.

ಮೂರನೇ ರಾತ್ರಿಯಿಂದ ಟಾರ್ಚ್ ಹಿಡಿದು ಹೊರಟೆವು. ಊರು ಮಲಗಿದ ಮೇಲೆಯೇ ಅಡಗಿದ ಬೆಕ್ಕು ಮೈಸಡಿಲಿಸುವುದು. ಮಕ್ಕಳೇ, ಟಾರ್ಚನ್ನು ಸೊಂಟದ ಹತ್ತಿರ ಹಿಡಿದರೆ ಪ್ರಯೋಜನ ಕಡಿಮೆ. ಕೆನ್ನೆಗೆ ಒತ್ತಿ ಕಣ್ಣಿನ ಮಟ್ಟಕ್ಕೇ ಹಿಡಿಯಬೇಕು. ಬೆಕ್ಕಿನ ಕಣ್ಣೊಳಗೆ, ಅಕ್ಷಿಪಟಲದ ಹಿಂದೆ, ಕನ್ನಡಿಯಂಥ ಒಂದು ಪದರವಿದೆ. ಒಳಗೆ ಹೋದ ಬೆಳಕು ಅದಕ್ಕೆ ತಾಗಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಬೆಳಕು ನಮ್ಮ ಕಣ್ಣಿನ ಪಕ್ಕದಿಂದಲೇ ಹೊರಟಿದ್ದರೆ ಮಾತ್ರ ಆ ಹೊಳಪು ನಮಗೆ ಚೆನ್ನಾಗಿ ಕಾಣುತ್ತದೆ. ಮೊದಲ ರಾತ್ರಿಯೇ ಕಲ್ಲಿನ ರಾಶಿಯ ಹಿಂದೆ ಎರಡು ಹಸಿರು ದೀಪ ಹೊತ್ತಿಕೊಂಡವು. ಮೊಮ್ಮಗಳು ನನ್ನ ಕೈ ಹಿಸುಕಿದಳು. ಅದು ಕಿವಿ ಹರಿದ ಗಂಡು.

ವಾಪಸ್ ಬಂದು ಜಗಲಿಯ ಮೇಲೆ ಕೂತೆವು. ಅವಳು ಕೇಳಿದಳು, "ಹೊಳೆಯಾಚೆ ಬಿಟ್ಟು ಬರೋದು ಅಂತ ನಿಂಗೆ ಹೇಗೆ ಗೊತ್ತು ತಾತ?"

ಹೇಳಬೇಕಾಯಿತು. ಹುಣಸೂರಿನ ಹತ್ತಿರ ಲಕ್ಷ್ಮಣತೀರ್ಥದ ದಡದ ನಮ್ಮ ಊರಿನಲ್ಲಿ ನನಗೂ ಒಂದು ಬೆಕ್ಕಿತ್ತು, ಬೂದುಬಣ್ಣದ್ದು. ನೆಲುವಿನ ಮೇಲಿನ ಮೊಸರಿಗೆ ಬಾಯಿ ಹಾಕಿತೆಂದು ಅಪ್ಪ ಒಂದು ದಿನ ಅದನ್ನು ಗೋಣಿಯಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬಂದರು. ದಾರಿ ನೋಡಿದರೆ ತಿರುಗಿ ಬಂದುಬಿಡುತ್ತದೆಂದೇ ಗೋಣಿ. ನನಗೆ ಹೇಳಿದ್ದು "ಓಡಿಹೋಯ್ತು" ಎಂದು. ನಾನು ಕಾಲೇಜಿಗೆ ಸೇರಿದ ಮೇಲೆ ಅಮ್ಮ ಯಾವುದೋ ಮಾತಿನ ನಡುವೆ ನಿಜ ಹೇಳಿದರು.

"ನೀನು ಹುಡುಕಲಿಲ್ವಾ?"

"ಇಲ್ಲ. ಓಡಿಹೋಯ್ತು ಅಂದಿದ್ದನ್ನ ನಂಬಿದ್ದೆ."

"ಅದು ವಾಪಸ್ ಬರ್ತಿತ್ತೇನೋ."

ಬರಬಹುದಿತ್ತು. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಫ್. ಎಚ್. ಹೆರಿಕ್ ಒಂದು ತಾಯಿಬೆಕ್ಕನ್ನು ಮರಿಗಳಿಂದ ಬೇರೆ ಮಾಡಿ, ದಾರಿ ಕಾಣದಂತೆ ಒಯ್ದು, ಒಂದರಿಂದ ನಾಲ್ಕು ಮೈಲಿ ದೂರದಲ್ಲಿ ಬಿಟ್ಟು ನೋಡಿದ್ದನ್ನು 1922ರಲ್ಲೇ ಬರೆದಿದ್ದಾನೆ. ಅದು ಮತ್ತೆ ಮತ್ತೆ ಮನೆಗೆ ಬಂದಿತ್ತು. ಇದನ್ನು ನಾನು ಅವಳಿಗೆ ಹೇಳಿದೆ. ನಮ್ಮ ಊರಿನ ಹೊಳೆ ಎರಡು ಮೈಲಿಯೂ ಇರಲಿಲ್ಲ ಎನ್ನುವುದನ್ನು ಹೇಳಲಿಲ್ಲ.

ಐದನೇ ದಿನ ಹಾಳೆಯ ತುಂಬ ಕೆಂಪು ಟಿಕ್. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅಂತಾರೆ. ನಮ್ಮನ್ನು ಈ ಬೆಕ್ಕು ಎಪ್ಪತ್ತು ಮನೆ ತಿರುಗಿಸಿತ್ತು. ಮೊಮ್ಮಗಳ ಬೆರಳು ಒಂದು ಚೌಕದ ಮೇಲೆ ನಿಂತಿತು. "ಈ ಮನೆ ನೋಡೇ ಇಲ್ವಲ್ಲ ತಾತ?"

ನಮ್ಮ ಹಿತ್ತಲಿಗೆ ಅಂಟಿಕೊಂಡ ಮನೆ. ಒಂಬತ್ತು ವರ್ಷದ ಹಿಂದೆ ಕಾಂಪೌಂಡಿನ ಮೇಲೆ ಬಾಗಿದ ನುಗ್ಗೆ ಕೊಂಬೆಯ ವಿಷಯಕ್ಕೆ ಆ ಮನೆಯ ಯಜಮಾನರಿಗೂ ನನಗೂ ಮಾತಿಗೆ ಮಾತು ಬೆಳೆದು, ಅಂದಿನಿಂದ ಎದುರಾದರೂ ಮುಖ ತಿರುಗಿಸಿ ಹೋಗುವ ಸಂಬಂಧ. ತಪ್ಪು ಯಾರದೆಂದು ಕೇಳಿದರೆ ಅವರದೇ ಅನ್ನುತ್ತೇನೆ, ಈಗಲೂ. "ಬೀಗ ಹಾಕಿದೆ, ಹಬ್ಬಕ್ಕೆ ಊರಿಗೆ ಹೋಗಿದ್ದಾರೆ" ಅಂದೆ. ಸುಳ್ಳೇನಲ್ಲ. ಅವಳು ಟಿಕ್ ಹಾಕಲಿಲ್ಲ.

ಆ ರಾತ್ರಿ ಮೂರೂವರೆಗೆ ಅವಳೇ ನನ್ನನ್ನು ಎಬ್ಬಿಸಿದಳು. ಹಿತ್ತಲ ಕಾಂಪೌಂಡಿಗೆ ಕಿವಿಯಿಟ್ಟು ನಿಂತೆವು. ನನಗೆ ಜೀರುಂಡೆ ಬಿಟ್ಟು ಏನೂ ಕೇಳಿಸಲಿಲ್ಲ. ನನ್ನ ಕಿವಿಗೆ ಎಪ್ಪತ್ತೊಂದು ವರ್ಷ. ಅವಳು "ಈಗ... ಈಗ... ಕೇಳಿಸ್ತಾ?" ಅನ್ನುತ್ತಲೇ ಇದ್ದಳು. ಕಾಂಪೌಂಡಿನಾಚೆ ಆ ಮನೆಯ ಸಾಮಾನು ಕೋಣೆ. ಸ್ಟೂಲು ಹತ್ತಿ, ಕೆನ್ನೆಗೆ ಟಾರ್ಚ್ ಒತ್ತಿ, ಜಾಲರಿ ಕಿಟಕಿಯೊಳಗೆ ಬೆಳಕು ಬಿಟ್ಟೆ. ಹಳೆಯ ಸೈಕಲ್, ನೀರಿನ ಬಕೆಟ್, ಪೇಪರ್ ಕಟ್ಟು. ಕಟ್ಟಿನ ಹಿಂದೆ ಎರಡು ದೀಪ. ಒಂದು ಆರಿತು, ಮತ್ತೆ ಹೊತ್ತಿತು.

ಪಟಾಕಿಗೆ ಹೆದರಿ ತೆರೆದಿದ್ದ ಆ ಕೋಣೆಗೆ ನುಗ್ಗಿದೆ. ಮರುದಿನ ಬೆಳಿಗ್ಗೆ ಅವರು ನೋಡದೆ ಬೀಗ ಹಾಕಿ ಊರಿಗೆ ಹೋಗಿದ್ದಾರೆ.

ಬೆಳಕು ಹರಿಯುವವರೆಗೆ ಕಾಯುವುದು ಕಷ್ಟವಾಯಿತು. ಆರಕ್ಕೆ ಫೋನ್ ಮಾಡಿದೆ. ನಂಬರು ಒಂಬತ್ತು ವರ್ಷದಿಂದ ಹಾಗೇ ಇತ್ತು, ನಾನೂ ಅಳಿಸಿರಲಿಲ್ಲ. "ನಾನು, ಹಿಂದಿನ ಮನೆಯಿಂದ" ಅಂದೆ. ಆಚೆ ಒಂದು ಕ್ಷಣ ಮೌನ. ವಿಷಯ ಕೇಳಿದವರೇ, "ಅಯ್ಯೋ, ಬೀಗದಕೈ ಮೂಲೆಯ ಇಸ್ತ್ರಿ ಅಂಗಡಿಯಲ್ಲಿ ಇದೆ ಸಾರ್. ತಗೊಳ್ಳಿ, ಮೊದಲು ತೆಗೀರಿ. ಆಮೇಲೆ ಫೋನ್ ಮಾಡಿ, ಕಾಯ್ತಿರ್ತೀನಿ" ಅಂದರು.

ಬಾಗಿಲು ತೆಗೆದಾಗ ಬೆಣ್ಣೆ ಓಡಿ ಬರಲಿಲ್ಲ. ಸಿನಿಮಾದಲ್ಲಿ ಹಾಗಾಗುತ್ತದೆ. ಮೊಮ್ಮಗಳು ನೆಲಕ್ಕೆ ಕೂತು, ಮುಖ ಬೇರೆ ಕಡೆ ಮಾಡಿ, ತಿಂಡಿಯ ಡಬ್ಬಿಯನ್ನು ಮೆಲ್ಲಗೆ ಅಲುಗಿಸಿದಳು. ಹತ್ತು ನಿಮಿಷದ ಮೇಲೆ ಕಂದು ಉಂಗುರದ ಬಾಲ ಕಂಡಿತು. ಬಕೆಟ್ಟಿನಲ್ಲಿದ್ದ ನೀರು ಅದನ್ನು ಉಳಿಸಿತ್ತು. ಕೈಗೆತ್ತಿಕೊಂಡರೆ ಬರೀ ತುಪ್ಪಳ ಮತ್ತು ಮೂಳೆ.

ಸಿಕ್ಕ ಸಂತೋಷಕ್ಕೆ ಬಟ್ಟಲು ತುಂಬ ಬಡಿಸಬೇಡಿ ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಹಲವು ದಿನ ಹೊಟ್ಟೆಗಿಲ್ಲದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಅಪಾಯವಾಗಬಹುದಂತೆ. ರಕ್ತ ಪರೀಕ್ಷೆ ಮಾಡಿಸಿದೆವು, ನಾಲ್ಕು ದಿನ ಚಮಚದ ಲೆಕ್ಕದಲ್ಲಿ ಊಟ ಕೊಟ್ಟೆವು. ಚೇತರಿಸಿಕೊಂಡ ಮೇಲೆ ಕುತ್ತಿಗೆಯ ಚರ್ಮದಡಿಗೆ ಅಕ್ಕಿಕಾಳಿನಷ್ಟಿರುವ ಮೈಕ್ರೋಚಿಪ್ ಹಾಕಿಸಿದೆವು. ಅದರಲ್ಲಿ 15 ಅಂಕಿಯ ಒಂದು ಸಂಖ್ಯೆ ಇರುತ್ತದೆ. ಬೆಕ್ಕು ಎಲ್ಲಿದೆಯೆಂದು ಅದು ಹೇಳುವುದಿಲ್ಲ, ಸಿಕ್ಕಿದವರು ಆಸ್ಪತ್ರೆಗೆ ಒಯ್ದು ಯಂತ್ರ ಹಿಡಿದರೆ ಯಾರ ಮನೆಯದೆಂದು ಪತ್ತೆ ಮಾಡಲು ನೆರವಾಗುತ್ತದೆ.

ಊರಿನಿಂದ ಬಂದ ಹಿಂದಿನ ಮನೆಯವರು ಒಂದು ಕಟ್ಟು ನುಗ್ಗೆಕಾಯಿ ತಂದುಕೊಟ್ಟರು. ನಾನು ತೆಗೆದುಕೊಂಡೆ. ಕೊಂಬೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಹೋದ ಭಾನುವಾರ ಅಟ್ಟದಿಂದ ಒಂದು ಹಳೆಯ ಗೋಣಿಚೀಲ ಇಳಿಸಿದೆ. ಮೊಮ್ಮಗಳು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು, ಏನೂ ಕೇಳಲಿಲ್ಲ. ಚೀಲ ಬಿಚ್ಚಿ, ಕತ್ತರಿಸಿ, ಎರಡು ಪದರ ಮಾಡಿ ಕುರ್ಚಿಯ ಎಡಗೈಗೆ ಸುತ್ತಿ ದಬ್ಬಳದಿಂದ ಹೊಲಿದೆ. ದಾರ ಪೋಣಿಸಿಕೊಟ್ಟವಳು ಅವಳೇ. ಬೆಣ್ಣೆ ಬಂದು ಮೂಸಿತು, ಉಗುರು ಹಾಕಿ ನೋಡಿತು, ಆಮೇಲೆ ಆ ಕಡೆ ಹೋಗಿ ಕುರ್ಚಿಯ ಬಲಗೈಯನ್ನು ಕೆರೆಯತೊಡಗಿತು.