ಹೊಗೆಯೇ ಸಾಕ್ಷಿ: ಚಳಿಗೆ ಹಟ ಹಿಡಿಯುವ ಮಿನಿ ಟ್ರ್ಯಾಕ್ಟರ್

ಜತ್ತ, ಸೊಲ್ಲಾಪುರ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಅಕ್ಟೋಬರ್ ಚಾಟಣಿಯ ನಂತರದ ದಿನಗಳು ನಿದ್ದೆಗೆಡಿಸುವ ದಿನಗಳು. ರಾತ್ರಿ ಮಳೆ ಬಿದ್ದರೆ ಡೌನಿ ರೋಗ ಹಬ್ಬುವ ಮುನ್ನ ಔಷಧಿ ಸಿಂಪಡಿಸಬೇಕು. ಸಾಲುಗಳ ಇಕ್ಕಟ್ಟಿನಲ್ಲಿ ಬ್ಲೋವರ್ ಎಳೆಯುವುದು ಮಿನಿ ಟ್ರ್ಯಾಕ್ಟರ್. ಅಂಥ ಚಳಿಯ ಮುಂಜಾನೆ ಅದು ಚಾಲೂ ಆಗದಿದ್ದರೆ ವರ್ಷದ ಬೆಳೆಯೇ ಅಪಾಯಕ್ಕೆ ಸಿಲುಕುತ್ತದೆ. ಗಾಬರಿಯಲ್ಲಿ ಮೊದಲು ಡೀಸೆಲ್ ಪಂಪಿಗೆ ಪಾನಾ ಹಾಕುವವರುಂಟು. ಸಾವಿರಾರು ರೂಪಾಯಿ ಕೈಬಿಟ್ಟ ಮೇಲೆ, ದೋಷವಿದ್ದುದು ಬ್ಯಾಟರಿಯ ಸಡಿಲ ತಂತಿಯಲ್ಲಿ ಎಂದು ತಿಳಿಯುತ್ತದೆ.

ಡೀಸೆಲ್ ಇಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಮಕ್ಕಳು ಬಲ್ಲರು. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಇಂಜಿನ್ನಿನ ತತ್ತ್ವವೂ ಅದೇ. ಸಿಲಿಂಡರಿನ ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ. ಅದರೊಳಕ್ಕೆ ಸಿಡಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಆದುದರಿಂದ ಇಂಜಿನ್ನಿಗೆ ಬೇಕಾದವು ಮೂರು: ಬಿರುಸಾದ ತಿರುಗುವಿಕೆ, ಶಾಖ, ಗುಳ್ಳೆಯಿಲ್ಲದ ಡೀಸೆಲ್. ವಿಚಾರಣೆಯೂ ಇದೇ ಕ್ರಮದಲ್ಲಿ ನಡೆಯಬೇಕು.

ಮೊದಲನೆಯದು ತಿರುಗುವಿಕೆ. ಕೀಲಿ ತಿರುವಿದರೂ ಸೆಲ್ಫ್ ಮೌನವಾಗಿದ್ದರೆ ಗೇರು ನ್ಯೂಟ್ರಲ್‌ನಲ್ಲಿದೆಯೇ, ಪಿ.ಟಿ.ಓ. ಬಿಟ್ಟಿದೆಯೇ, ಕ್ಲಚ್ ಒತ್ತಿದೆಯೇ ಎಂದು ನೋಡಬೇಕು. ನಿಧಾನವಾಗಿ ತಿರುಗಿದರೆ ಬ್ಯಾಟರಿಯತ್ತ ಗಮನ ಹರಿಯಲಿ. ಪೂರ್ತಿ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗಿಳಿದರೆ ಬಲ ಸಾಲದು. ಟರ್ಮಿನಲ್ಲಿನ ಬಿಳಿ ಪಾಚಿಯನ್ನು ಬಿಸಿನೀರು, ಅಡುಗೆ ಸೋಡಾದಿಂದ ತೊಳೆದು ತಂತಿಯನ್ನು ಬಿಗಿಗೊಳಿಸುವುದರಿಂದಲೇ ಎಷ್ಟೋ ಬಾರಿ ಸಮಸ್ಯೆ ಮುಗಿಯುತ್ತದೆ. ಬಿಚ್ಚುವಾಗ ಮೊದಲು ಮೈನಸ್ ತಂತಿ, ಜೋಡಿಸುವಾಗ ಕೊನೆಗೆ ಅದೇ.

ಸೆಲ್ಫ್ ಚುರುಕಾಗಿ ತಿರುಗಿದರೂ ಇಂಜಿನ್ ಏಳದಿದ್ದರೆ ಹೊಗೆಯೇ ಸಾಕ್ಷಿ. ಸೈಲೆನ್ಸರಿನಿಂದ ಬಿಳಿ ಹೊಗೆ ಬಂದರೆ ಡೀಸೆಲ್ ತಲುಪಿದೆ, ಉರಿಯುತ್ತಿಲ್ಲ, ಶಾಖ ಸಾಲದು. ಹೀಟರ್ ಇರುವ ಇಂಜಿನ್ನಿನಲ್ಲಿ ಕೈಪಿಡಿ ಹೇಳಿದಷ್ಟು ಸೆಕೆಂಡು ಅದನ್ನು ಕಾಯಿಸಿಯೇ ಸೆಲ್ಫ್ ಹೊಡೆಯಬೇಕು. ಆದರೂ ಏಳದಿದ್ದರೆ ಫ್ಯೂಸನ್ನೂ ಒಂದೊಂದು ಹೀಟರ್ ಪ್ಲಗ್ಗನ್ನೂ ಮೀಟರಿನಿಂದ ಪರೀಕ್ಷಿಸಬೇಕು. ಮೂರರಲ್ಲಿ ಒಂದು ಸುಟ್ಟಿದ್ದರೂ ಚಳಿಯಲ್ಲಿ ಇಂಜಿನ್ ತಡವರಿಸುತ್ತದೆ.

ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪಿಲ್ಲ. ಸ್ಟಾಪ್ ನಾಬ್ ಪೂರ್ತಿ ಒಳಗಿದೆಯೇ, ಟ್ಯಾಂಕಿನ ಕಾಕ್ ತೆರೆದಿದೆಯೇ, ಫಿಲ್ಟರಿನ ಬಟ್ಟಲಿನಲ್ಲಿ ನೀರು ನಿಂತಿದೆಯೇ ಎಂದು ನೋಡಬೇಕು. ಪೈಪಿನಲ್ಲಿ ಏರ್ ಹಿಡಿದಿದ್ದರೆ ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಶುದ್ಧ ಡೀಸೆಲ್ ಬರುವವರೆಗೆ ಕೈಪಂಪ್ ಒತ್ತಬೇಕು. ಸಂಜೆಯೇ ಟ್ಯಾಂಕ್ ತುಂಬಿಸಿದರೆ ರಾತ್ರಿಯ ತೇವ ಒಳಗೆ ನೀರಾಗಿ ಇಳಿಯುವುದು ಕಡಿಮೆಯಾಗುತ್ತದೆ. ಕಪ್ಪು ಹೊಗೆ ಕಂಡರೆ ಗಾಳಿಯ ಫಿಲ್ಟರಿನಲ್ಲಿ ಧೂಳು ಕಟ್ಟಿರಬಹುದು.

ಕೆಲವು ಎಚ್ಚರಿಕೆಗಳು ಜೀವದ ಮಾತು. ಹೀಟರ್ ಇರುವ ಇಂಜಿನ್ನಿಗೆ ಈಥರ್ ಸ್ಪ್ರೇ ಹೊಡೆಯಬಾರದು, ಒಳಗೇ ಸಿಡಿಯಬಹುದು. ನಾಝಲ್ ಚಿಮ್ಮಿಸುವ ಡೀಸೆಲ್ ಚರ್ಮವನ್ನು ಭೇದಿಸಬಲ್ಲದು, ಅಲ್ಲಿ ಬೆರಳಿಡಬಾರದು. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬಾರದು. ಸೆಲ್ಫನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುವೆ ಬಿಡುವು ಕೊಡಬೇಕು.

ಇಷ್ಟಾದರೂ ಇಂಜಿನ್ ಏಳದಿದ್ದರೆ ಕಂಪ್ರೆಷನ್, ನಾಝಲ್, ಪಂಪುಗಳ ಸರದಿ. ಅದು ನುರಿತ ಮೇಸ್ತ್ರಿಯ ಕೆಲಸ. ವಾರಂಟಿ ಉಳಿದಿದ್ದಾಗ ಪಂಪಿನ ಸೀಲ್ ಒಡೆದರೆ, ಬೇಡಿಕೆಯನ್ನು ತಳ್ಳಿಹಾಕಲು ಕಂಪನಿಗೆ ನಾವೇ ಕಾರಣ ಒದಗಿಸಿದಂತೆ. ಸರ್ವಿಸ್ ಪುಸ್ತಕ, ಬಿಲ್ಲುಗಳನ್ನು ಜತನವಾಗಿಡಬೇಕು.

ಕೈಪಿಡಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬಹುದು. ಮನೆಯ ಶಾಲಾ ಮಗು ಒಂದು ನೋಟುಬುಕ್ಕಿನಲ್ಲಿ ದಿನಾಂಕ, ಗಂಟೆಯ ಮೀಟರ್, ಹೊಗೆಯ ಬಣ್ಣ, ಮಾಡಿದ ಉಪಾಯಗಳನ್ನು ಕನ್ನಡದಲ್ಲಿ ಬರೆದಿಟ್ಟರೆ, ಮುಂದಿನ ಚಳಿಗಾಲಕ್ಕೆ ಅದೇ ಆ ಮನೆಯ ಕೈಪಿಡಿಯಾದೀತು.