ಒಂದೇ ಬಾಗಿಲು, ಹಲವು ದಫ್ತರ

ಕಬ್ಬಾಳಿನ ಯಾವುದಾದರೂ ಹಳೆಯ ಮನೆಯ ಟ್ರಂಕು ತೆಗೆದು ಕಾಗದಪತ್ರಗಳನ್ನು ಸಾಲಾಗಿ ಹರಡಿ ನೋಡಿ. ಮನೆ ಇದ್ದಲ್ಲೇ ಇದೆ, ಕಬ್ಬಾಳಮ್ಮನ ಗುಡಿ ಇದ್ದಲ್ಲೇ ಇದೆ, ಬೆನ್ನಿಗೆ ನಿಂತ ಕಬ್ಬಾಳದುರ್ಗದ ಬಂಡೆಯಂತೂ ಕದಲುವ ಮಾತೇ ಇಲ್ಲ. ಕಾಗದದಲ್ಲಿ ಮಾತ್ರ ಊರು ಜಿಲ್ಲೆಯಿಂದ ಜಿಲ್ಲೆಗೆ ಅಲೆದಿದೆ. ಹಳೆಯ ಕ್ರಯಪತ್ರದಲ್ಲಿ ಬೆಂಗಳೂರು ಜಿಲ್ಲೆ, 1986ರ ಈಚೆಗಿನದರಲ್ಲಿ ಬೆಂಗಳೂರು ಗ್ರಾಮಾಂತರ, 2007ರ ನಂತರ ರಾಮನಗರ. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಹೆಸರು ಬದಲಿಸಲು ಒಪ್ಪಿದ ಮೇಲೆ ಬೆಂಗಳೂರು ದಕ್ಷಿಣ. ಇನ್ನೂ ಹಿಂದಕ್ಕೆ ಹೋದರೆ ಊರು ಸೇರಿದ ಕನಕಪುರ ತಾಲ್ಲೂಕೇ ಕಾನಕಾನಹಳ್ಳಿ ತಾಲ್ಲೂಕು.

ಓದುವ ಮನುಷ್ಯನಿಗೆ ಇದೆಲ್ಲ ಒಂದೇ ಊರು ಎಂದು ಗೊತ್ತಾಗುತ್ತದೆ. ಕಂಪ್ಯೂಟರಿಗೆ ಯಾರಾದರೂ ಹೇಳಿಕೊಡಬೇಕು. ಹೇಳಿಕೊಡುವ ಆ ಕೆಲಸ ಸರ್ವರ್ ಕೋಣೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ನಡೆಯುತ್ತದೆ. ನಮ್ಮ ಹಳ್ಳಿಯ ಹೆಣ್ಣುಮಗಳ ಖಾತೆಗೆ ಗೃಹಲಕ್ಷ್ಮಿ ಯೋಜನೆಯ ತಿಂಗಳ ಎರಡು ಸಾವಿರ ರೂಪಾಯಿ ಬಂತೋ ಇಲ್ಲವೋ ಎಂಬುದು ಎಷ್ಟೋ ಸಲ ಅಲ್ಲಿ ತೀರ್ಮಾನವಾಗಿರುತ್ತದೆ.

ದೊಡ್ಡ ಕಚೇರಿಗಳ ತಂತ್ರಾಂಶಗಳು ಅಪ್ಲಿಕೇಶನ್ ಸರ್ವರ್ ಎಂಬ ವೇದಿಕೆಯ ಮೇಲೆ ಓಡುತ್ತವೆ. ಲಾಗಿನ್ ಆಗುವವರು ಯಾರು ಎಂದು ವಿಚಾರಿಸುವುದು ಅದರ ಮೊದಲ ಕೆಲಸ. ಮೊದಮೊದಲು ಅದು ಒಂದೇ ದಫ್ತರ ನೋಡಿ ಉತ್ತರ ಹೇಳುತ್ತಿತ್ತು. ಆದರೆ ಜನರ ಹೆಸರು ಎಲ್ಲ ಕಡೆಯೂ ಒಂದೇ ದಫ್ತರದಲ್ಲಿ ಇರುವುದಿಲ್ಲ. ಸಿಬ್ಬಂದಿಯ ಪಟ್ಟಿ ಎಲ್‌ಡ್ಯಾಪ್ ಡೈರೆಕ್ಟರಿಯಲ್ಲಿ, ಗ್ರಾಹಕರದ್ದು ಡೇಟಾಬೇಸ್‌ನಲ್ಲಿ, ಸರ್ವರ್ ನೋಡಿಕೊಳ್ಳುವವರ ಹೆಸರು ಒಂದು ಸಣ್ಣ ಫೈಲಿನಲ್ಲಿ. ಇಂಥ ವೇದಿಕೆಗಳಲ್ಲಿ ಒಂದಾದ, 2006ರಲ್ಲಿ ಬಂದ ಐಬಿಎಂ ವೆಬ್‌ಸ್ಪಿಯರ್ 6.1 ಇವುಗಳನ್ನು ಅಲ್ಲಲ್ಲೇ ಬಿಟ್ಟು ಒಂದೇ ಬಾಗಿಲಿಂದ ವಿಚಾರಿಸುವ ಏರ್ಪಾಡು ತಂದಿತು. ಫೆಡರೇಟೆಡ್ ರೆಪಾಸಿಟರಿ ಎಂದರೆ ಇದೇ.

ಇದನ್ನು ಜೋಡಿಸುವವರು ಗಮನ ಇಡಬೇಕಾದ ಮೊದಲ ಜಾಗವೇ ವಿಳಾಸ. ಎಲ್‌ಡ್ಯಾಪ್‌ನಲ್ಲಿ ಒಬ್ಬ ವ್ಯಕ್ತಿಯ ಪೂರ್ಣ ಹೆಸರು ಅಂಚೆ ವಿಳಾಸದ ಹಾಗೆ ಹಂತಹಂತವಾಗಿ ಇರುತ್ತದೆ: ವ್ಯಕ್ತಿ, ಶಾಖೆ, ಇಲಾಖೆ, ಸಂಸ್ಥೆ. ನಡುವಿನ ಇಲಾಖೆಯ ಹೆಸರು ಬದಲಾದರೆ ಅದರ ಕೆಳಗಿರುವ ಪ್ರತಿಯೊಬ್ಬರ ಪೂರ್ಣ ಹೆಸರೂ ಬದಲಾಗುತ್ತದೆ. ಆ ಹೆಸರನ್ನೇ ಗುರುತಾಗಿ ಹಿಡಿದ ತಂತ್ರಾಂಶಕ್ಕೆ ಅವರೆಲ್ಲ ರಾತ್ರೋರಾತ್ರಿ ಅಪರಿಚಿತರು. ಅದಕ್ಕೇ ಬಲ್ಲವರು, ಯಾವತ್ತೂ ಬದಲಾಗದ ಬೇರೊಂದು ಗುರುತಿನ ಸಂಖ್ಯೆಯ ಮೇಲೆ ಕೊಂಡಿ ಹಾಕುತ್ತಾರೆ. ಕಬ್ಬಾಳಿನ ಟ್ರಂಕು ಹೇಳುವುದೂ ಇದನ್ನೇ. ಜಿಲ್ಲೆಯ ಹೆಸರನ್ನು ಗುರುತಿನೊಳಗೆ ಹೆಣೆದವರು ಪ್ರತಿ ಮರುನಾಮಕರಣಕ್ಕೂ ಎಲ್ಲವನ್ನೂ ಬಿಚ್ಚಿ ಹೆಣೆಯಬೇಕು.

ಎರಡನೆಯದು ಇನ್ನೂ ಕಗ್ಗಂಟು. ಒಂದೇ ಲಾಗಿನ್ ಹೆಸರು ಎರಡು ದಫ್ತರಗಳಲ್ಲಿ ಸಿಕ್ಕರೆ ವೆಬ್‌ಸ್ಪಿಯರ್ ಇಬ್ಬರಲ್ಲಿ ಒಬ್ಬರನ್ನು ಆರಿಸಲು ಹೋಗುವುದಿಲ್ಲ, ಲಾಗಿನ್ನನ್ನೇ ನಿರಾಕರಿಸುತ್ತದೆ. ಅದು ಸರಿಯಾದ ನಡೆಯೇ. ಈಗ ಈ ಸೀಮೆಗೆ ಬನ್ನಿ. ಊರ ದೇವತೆಯ ಹೆಸರನ್ನು ಮಕ್ಕಳಿಗೆ ಇಡುವುದು ಇಲ್ಲಿ ಹರಕೆಯಷ್ಟೇ ಸಹಜ. ಕಬ್ಬಾಳಮ್ಮ ಎಂದು ಕೂಗಿದರೆ ಒಂದೇ ಬೀದಿಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಓಗೊಟ್ಟಾರು. ಇದರ ಮೇಲೆ ಇಂಗ್ಲಿಷ್ ಕಾಗುಣಿತದ ಕಾಟ ಬೇರೆ. ರೇಷನ್ ಕಾರ್ಡಿನಲ್ಲಿ ಎರಡು ‘ಬಿ’, ಆಧಾರ್‌ನಲ್ಲಿ ಒಂದೇ ‘ಬಿ’, ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರಿನ ಮೊದಲಕ್ಷರ ಮುಂದೆ. ಅಂದರೆ ಒಂದೇ ಹೆಸರಿನ ಹಲವರು ಒಂದು ಕಡೆ, ಹಲವು ಹೆಸರಿನ ಒಬ್ಬಳೇ ಇನ್ನೊಂದು ಕಡೆ. ಹೆಸರನ್ನು ಬೀಗದ ಕೈ ಮಾಡಿಕೊಂಡ ವ್ಯವಸ್ಥೆ ಇಬ್ಬರಿಗೂ ಅನ್ಯಾಯ ಮಾಡುತ್ತದೆ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿಯನ್ನೇ ನೋಡಿ. ಮನೆಯ ಯಜಮಾನಿ ಯಾರು ಎಂದು ಹೇಳಬೇಕಾದ್ದು ಆಹಾರ ಇಲಾಖೆಯ ಪಡಿತರ ಚೀಟಿ. ಆಕೆ ಆಕೆಯೇ ಎಂದು ಹೇಳಬೇಕಾದ್ದು ಆಧಾರ್. ಹಣ ಯಾವ ಖಾತೆಗೆ ಎಂಬುದು ಬ್ಯಾಂಕಿನ ಆಧಾರ್ ಜೋಡಣೆ. ಆಕೆಯೋ ಗಂಡನೋ ತೆರಿಗೆ ಕಟ್ಟುವವರೇ ಎಂಬುದು ಆದಾಯ ತೆರಿಗೆಯವರ ದಫ್ತರ. ತಂತ್ರಾಂಶ ಯಾವುದೇ ಇರಲಿ, ಆ ಹೆಣ್ಣುಮಗಳ ಪಾಲಿಗೆ ಇದು ಒಂದೇ ಬಾಗಿಲ ಹಿಂದಿನ ನಾಲ್ಕು ದಫ್ತರ. ರೈತರಿಗೆ ಇದೇ ಕೆಲಸವನ್ನು ರಾಜ್ಯದ ಫ್ರೂಟ್ಸ್ ತಂತ್ರಾಂಶ ಮಾಡುತ್ತದೆ. ಭೂದಾಖಲೆ ತಂತ್ರಾಂಶ ‘ಭೂಮಿ’ಯ ಪಹಣಿ, ಆಧಾರ್, ಬ್ಯಾಂಕ್ ಖಾತೆ ರೈತನ ಗುರುತಿನ ಸಂಖ್ಯೆಯಾದ ಒಂದು ಎಫ್‌ಐಡಿಯ ಕೆಳಗೆ ಕೂಡುತ್ತವೆ. ಕೃಷಿಯಿಂದ ಹಿಡಿದು ರೇಷ್ಮೆ ಇಲಾಖೆಯವರೆಗೆ ಸಹಾಯಧನ ಕೇಳಿದಾಗ ಮೊದಲು ಕೇಳುವುದು ಆ ಸಂಖ್ಯೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಈ ನಾಡು ಹೆಮ್ಮೆಪಡಬೇಕಾದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇದ್ದರೆ? ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗುವ ತನಕ, ಆ ಹೊಲದಲ್ಲಿ ದಿನಾ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಮೊಮ್ಮಗ ಆ ಜಮೀನಿನ ಮಟ್ಟಿಗೆ ಕಂಪ್ಯೂಟರಿನ ಕಣ್ಣಿಗೆ ಬೀಳುವುದಿಲ್ಲ. ದಫ್ತರಗಳನ್ನು ಎಷ್ಟು ಚೆನ್ನಾಗಿ ಜೋಡಿಸಿದರೂ ಮೂಲದಲ್ಲಿ ತಪ್ಪಿದ್ದರೆ ಜೋಡಣೆ ಅದನ್ನು ತಿದ್ದುವುದಿಲ್ಲ, ಇನ್ನೂ ನಾಲ್ಕು ಕಡೆಗೆ ತಲುಪಿಸುತ್ತದೆ.

ಮೂರನೆಯ ಸಂಗತಿಯನ್ನು ಹಳ್ಳಿಯವರಿಗೆ ಯಾರೂ ವಿವರಿಸಬೇಕಿಲ್ಲ: ‘ಸರ್ವರ್ ಇಲ್ಲ, ನಾಳೆ ಬನ್ನಿ’. ವೆಬ್‌ಸ್ಪಿಯರ್‌ನ ಈ ಏರ್ಪಾಡಿನಲ್ಲಿ ಜೋಡಿಸಿದ ದಫ್ತರಗಳ ಪೈಕಿ ಒಂದು ಕೈಕೊಟ್ಟರೂ, ಬೇರೆ ಯಾವುದನ್ನೂ ಹೇಳದಿದ್ದರೆ, ಯಾರಿಗೂ ಲಾಗಿನ್ ಸಿಗುವುದಿಲ್ಲ. ನಿಮ್ಮ ಹೆಸರು ಸರಿಯಾಗಿ ಓಡುತ್ತಿರುವ ದಫ್ತರದಲ್ಲೇ ಇದ್ದರೂ ಅಷ್ಟೇ. ‘ಕೆಲವು ದಫ್ತರ ನಿಂತಿದ್ದರೂ ಉಳಿದವುಗಳಿಂದ ಕೆಲಸ ನಡೆಯಲಿ’ ಎಂಬ ಆಯ್ಕೆಯನ್ನು ಈಚಿನ ಆವೃತ್ತಿಗಳಲ್ಲಿ ಬೇಕೆಂದೇ ಗುರುತು ಮಾಡಬೇಕು. ಸೆಟ್ಟಿಂಗ್ ಪುಟದಲ್ಲಿ ಒಂದು ಚಿಕ್ಕ ಚೌಕ, ಅಷ್ಟೇ. ಆ ಚೌಕವನ್ನು ಒತ್ತುವುದೋ ಬಿಡುವುದೋ ಎಂಬುದು ಬರೀ ತಂತ್ರಜ್ಞರಿಗೆ ಬಿಡುವಂಥದ್ದಲ್ಲ ಎಂದೇ ನನ್ನ ನಂಬಿಕೆ. ಒಂದು ದಾರಿ ಮುಚ್ಚಿದಾಗ ಏನು ಎಂಬ ಪ್ರಶ್ನೆ ಅದು. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಹೆಂಗಸರ ಕೈ ದಿನವಿಡೀ ಬಿಸಿನೀರಿನಲ್ಲಿ. ಬೆರಳಿನ ಗೆರೆ ಸವೆದು ನ್ಯಾಯಬೆಲೆ ಅಂಗಡಿಯ ಯಂತ್ರ ಒಪ್ಪದಿದ್ದಾಗ ಅವರಿಗೆ ಎರಡನೆಯ ದಾರಿ ಇರಲೇಬೇಕು.

ಹಾಗಾದರೆ ಎಲ್ಲವನ್ನೂ ಒಂದೇ ದೊಡ್ಡ ದಫ್ತರಕ್ಕೆ ಸುರಿದರೆ ತೊಂದರೆ ತಪ್ಪದೇ ಎಂದು ಕೇಳುವವರಿದ್ದಾರೆ. ಬೇಡ, ಖಾಸಗಿತನದ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಯನ್ನು ಇಡೀ ದೇಶದ ಮುಂದೆ ಇಟ್ಟವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಅನ್ನು ಸರ್ಕಾರಿ ಸೌಲಭ್ಯಗಳಿಗೆ ಉಳಿಸಿ, ಬ್ಯಾಂಕ್ ಖಾತೆಗೂ ಮೊಬೈಲ್ ಸಿಮ್‌ಗೂ ಕಡ್ಡಾಯ ಮಾಡುವುದನ್ನು ತಳ್ಳಿಹಾಕಿತು. ದಫ್ತರಗಳು ತಮ್ಮ ತಮ್ಮ ಜಾಗದಲ್ಲಿದ್ದು, ಕೇಳಿದ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದಷ್ಟೇ ಹೇಳುವ ಜೋಡಣೆ ಆ ಹಕ್ಕಿಗೆ ಹತ್ತಿರ. ಎಲ್ಲರ ಜಾತಿ, ಜಮೀನು, ಖಾತೆ, ಕಾಯಿಲೆ ಒಂದೇ ಕಡೆ ಗುಡ್ಡೆ ಬಿದ್ದರೆ, ಒಂದು ಬೀಗ ಒಡೆದವನಿಗೆ ಇಡೀ ಊರೇ ಸಿಕ್ಕಿದಂತೆ.

ಸರ್ಕಾರದಿಂದ ಆಗಬೇಕಾದ್ದು ಒಂದಿದೆ. ‘ಹೆಸರು ಹೊಂದಾಣಿಕೆ ಇಲ್ಲ’ ಎಂದು ಅರ್ಜಿ ತಿರಸ್ಕರಿಸುವಾಗ ಯಾವ ದಫ್ತರದಲ್ಲಿ ಯಾವ ಅಕ್ಷರ ಬೇರೆಯಾಗಿದೆ, ತಿದ್ದುಪಡಿಗೆ ಯಾವ ಕಚೇರಿ ಎಂಬುದನ್ನು ಕನ್ನಡದಲ್ಲಿ ಅದೇ ಪರದೆಯ ಮೇಲೆ ತೋರಿಸಬೇಕು. ವ್ಯತ್ಯಾಸ ಹಿಡಿದ ಯಂತ್ರಕ್ಕೆ ಅದು ಗೊತ್ತೇ ಇರುತ್ತದೆ, ಹೇಳುವ ಏರ್ಪಾಡು ಮಾಡಿದರೆ ಸಾಕು. ಅಲ್ಲಿಯವರೆಗೆ ಓದುಗರು ಈ ವಾರ ಮನೆಯ ಹಿರಿಯರ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಹಣಿ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ವ್ಯತ್ಯಾಸ ಕಂಡರೆ ಸಹಾಯಧನದ ಕೊನೆಯ ದಿನಾಂಕ ಬರುವವರೆಗೆ ಕಾಯದೆ ಈಗಲೇ ತಿದ್ದಿಸಿ.